ಗೋಲು ಹೊಡೆಯದವನಿಗೂ ಊರಿದೆ

ಹೊಸಪೇಟೆಯಿಂದ ಬಳ್ಳಾರಿಯ ಕಡೆ ಹೊರಟರೆ ದಾರಿಯಲ್ಲಿ ಪಾಪಿನಾಯಕನಹಳ್ಳಿ ಸಿಗುತ್ತದೆ. ಗಣಿಗಾರಿಕೆ ಜೋರಾಗಿದ್ದ ವರ್ಷಗಳಲ್ಲಿ ಅದಿರಿನ ಲಾರಿಗಳ ಧೂಳಿಗೆ ಮನೆ, ಮರ, ಮನುಷ್ಯರೆಲ್ಲ ಕೆಂಪಾಗುತ್ತಿದ್ದ ಸೀಮೆ ಇದು. ಅಲ್ಲಿನ ಒಂದು ಬಯಲಿನಲ್ಲಿ ಸಂಜೆ ಹೊತ್ತು ಹುಡುಗರು ಆಡುತ್ತಾರೆ. ಬ್ಯಾಟು ಸಿಕ್ಕ ದಿನ ಕ್ರಿಕೆಟ್, ಚೆಂಡಿಗೆ ಗಾಳಿ ತುಂಬಿಸಿದ ದಿನ ಫುಟ್‌ಬಾಲ್. ಕೆಲವರ ಕಾಲಲ್ಲಿ ಶೂ, ಹೆಚ್ಚಿನವರದು ಬರಿಗಾಲು. ಈಚೆಗೊಂದು ಸಂಜೆ ನಾವು ಅಲ್ಲಿ ಚಹಾ ಕುಡಿಯುತ್ತ ನಿಂತಿದ್ದಾಗ, ಆಟ ಮುಗಿಸಿ ಬೆವರೊರೆಸುತ್ತ ಬಂದ ಹುಡುಗನೊಬ್ಬನ ಬೆನ್ನು ತಟ್ಟಿ ಹಿರಿಯರೊಬ್ಬರು ಹೇಳಿದರು: "ಹಿಂಗ ಆಡಿದ್ರ ಒಂದಿನ ದೇಶಕ್ಕ ಆಡ್ತಿ ನೋಡಪ್ಪ. ಆಗ ನಮ್ಮನ್ನ ಯಾರೂ ಏನೂ ಅನ್ನಂಗಿಲ್ಲ."

ಹುಡುಗ ನಾಚಿ ನಕ್ಕ. ಆಮೇಲೆ ಏನೋ ಹೊಳೆದವನಂತೆ ಕೇಳಿದ: "ಆಡ್ಲಿಲ್ಲ ಅಂದ್ರ, ಚಾಚಾ?"

ಚಾಚಾ ಉತ್ತರಿಸಲಿಲ್ಲ. ನಾವೂ ಏನೂ ಹೇಳಲಿಲ್ಲ. ಲೋಟ ಕೆಳಗಿಟ್ಟು ಬಸ್ಸು ಹತ್ತಿದೆವು. ಆದರೆ ಆ ಮೂರು ಪದಗಳ ಪ್ರಶ್ನೆ ನಮ್ಮ ಜೊತೆಯಲ್ಲೇ ಬಸ್ಸು ಹತ್ತಿ ಮನೆಯವರೆಗೂ ಬಂತು. ಹುಡುಗ ದೇಶಕ್ಕೆ ಆಡದಿದ್ದರೆ? ಆಟದಲ್ಲಿ ಸೋತರೆ? ಪದಕ ಗೆಲ್ಲದೆ, ಪತ್ರಿಕೆಯಲ್ಲಿ ಹೆಸರು ಬರದೆ, ಗ್ಯಾರೇಜಿನಲ್ಲೋ ಬಟ್ಟೆ ಅಂಗಡಿಯಲ್ಲೋ ದುಡಿದು, ಮಕ್ಕಳನ್ನು ಸಾಕಿ, ಒಂದು ದಿನ ಸದ್ದಿಲ್ಲದೆ ತೀರಿಕೊಂಡರೆ? ಆಗ ಅವನು ಈ ಊರಿನವನಲ್ಲವೇ? ಒಬ್ಬ ಮನುಷ್ಯ ತಾನು ಹುಟ್ಟಿದ ನೆಲಕ್ಕೆ ಸೇರಿದವನೆಂದು ಸಾಬೀತುಪಡಿಸಲು ಎಷ್ಟು ಗೋಲು ಹೊಡೆಯಬೇಕು?

ಈ ಪ್ರಶ್ನೆಯನ್ನು ಬಯಲಿನಲ್ಲಿ ಗಾಳಿಗೆ ತೂರಿ ಚರ್ಚಿಸುವ ಬದಲು ಇಬ್ಬರು ಆಟಗಾರರ ಬದುಕನ್ನು ಮುಂದಿಟ್ಟುಕೊಂಡು ಯೋಚಿಸುವುದು ಒಳ್ಳೆಯದು. ಒಬ್ಬರು ನಮ್ಮ ಬೆಂಗಳೂರಿನ ಅಹ್ಮದ್ ಖಾನ್. ಇನ್ನೊಬ್ಬರು ಜರ್ಮನಿಯ ಫುಟ್‌ಬಾಲಿನ ಆರಂಭ ಕಾಲದ ಆಟಗಾರ ಯೂಲಿಯುಸ್ ಹಿರ್ಷ್. ಮೊದಲನೆಯವರ ಕಥೆ ಚಾಚಾನ ಮಾತಿಗೆ ಬೆಂಬಲದಂತೆ ಕಾಣುತ್ತದೆ. ಎರಡನೆಯವರ ಕಥೆ ಅದೇ ಮಾತನ್ನು ಬುಡಸಮೇತ ಅಲುಗಿಸುತ್ತದೆ.

ಅಹ್ಮದ್ ಖಾನ್ ಹುಟ್ಟಿದ್ದು 1926ರ ಡಿಸೆಂಬರ್‌ನಲ್ಲಿ, ಬೆಂಗಳೂರಿನಲ್ಲಿ. ಆ ಕಾಲದ ಬೆಂಗಳೂರು ದಂಡುಪ್ರದೇಶದಲ್ಲಿ ಫುಟ್‌ಬಾಲೆಂದರೆ ಬಡವರ ಹಬ್ಬ. ಬ್ರಿಟಿಷ್ ಸಿಪಾಯಿಗಳು ಬೂಟು ಹಾಕಿ ಆಡುತ್ತಿದ್ದ ಆಟವನ್ನು ಸುತ್ತಲಿನ ಕೇರಿಗಳ ತಮಿಳು, ಕನ್ನಡ, ಉರ್ದು ಮಾತಿನ ಹುಡುಗರು ಬರಿಗಾಲಲ್ಲಿ ತಮ್ಮದಾಗಿಸಿಕೊಂಡಿದ್ದರು. 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಯಾವುದು ಗೊತ್ತೇ? ಬೆಂಗಳೂರು ಮುಸ್ಲಿಮ್ಸ್. ಅದುವರೆಗೆ ಆ ಕಪ್ಪು ಸೈನ್ಯದ ತಂಡಗಳ ಸೊತ್ತಿನಂತಿತ್ತು. ಮರುವರ್ಷವೂ ಅದೇ ತಂಡ ಗೆದ್ದಿತು. 1946-47ರಲ್ಲಿ ಮೈಸೂರು ತಂಡ ಬಂಗಾಳವನ್ನು ಮಣಿಸಿ ಸಂತೋಷ್ ಟ್ರೋಫಿಯನ್ನು ಮನೆಗೆ ತಂದಿತು. ಇಂಥ ಮಣ್ಣಿನಲ್ಲಿ, ಬೆಂಗಳೂರಿನ ಕ್ಲಬ್ಬುಗಳಲ್ಲಿ ಆಡಿ ಬೆಳೆದವರು ಅಹ್ಮದ್. ಚೆಂಡು ಅವರ ಕಾಲಿಗೆ ಅಂಟಿಕೊಂಡಂತೆ ಇರುತ್ತಿತ್ತೆಂದೂ ಎದುರಾಳಿಗಳು ಪುಂಗಿಗೆ ತಲೆದೂಗುವ ಹಾವಿನಂತೆ ಸುಮ್ಮನಾಗುತ್ತಿದ್ದರೆಂದೂ ಹೇಳುವುದುಂಟು. ಹಾವಾಡಿಗ ಎಂಬ ಅಡ್ಡಹೆಸರೂ ಅವರಿಗಿತ್ತು.

1948ರ ಜುಲೈ 31. ದೇಶ ಸ್ವತಂತ್ರವಾಗಿ ಒಂದು ವರ್ಷವೂ ತುಂಬಿರಲಿಲ್ಲ. ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ತಂಡ ಫ್ರಾನ್ಸ್ ಎದುರು ಮೈದಾನಕ್ಕಿಳಿಯಿತು. ನಾಯಕ ನಾಗಾ ನಾಡಿನ ತಾಲಿಮೆರೆನ್ ಆವೊ. ತಂಡದಲ್ಲಿ ನಮ್ಮ ಮೈಸೂರು ಸೀಮೆಯ ಹಲವರಿದ್ದರು. ಅವರಲ್ಲಿ ಅಹ್ಮದ್ ಖಾನ್ ಒಬ್ಬರು. ಹೆಚ್ಚಿನವರು ಬೂಟಿಲ್ಲದೆ ಆಡಿದರು. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. ದ್ವಿತೀಯಾರ್ಧದಲ್ಲಿ ನಮ್ಮ ಮೈಸೂರು ತಂಡದ ಸಾರಂಗಪಾಣಿ ರಾಮನ್ ಸಮ ಮಾಡಿದರು. ಸಿಕ್ಕ ಎರಡು ಪೆನಾಲ್ಟಿಗಳನ್ನು ಭಾರತ ಕಳೆದುಕೊಂಡಿತು. ಇನ್ನೇನು ಮುಗಿಯಿತು ಎನ್ನುವಾಗ ಫ್ರಾನ್ಸ್ ಎರಡನೆಯ ಗೋಲು ಹೊಡೆದು ಗೆದ್ದಿತು. ಸೋಲು ಸೋಲೇ. ಆದರೆ ನೋಡಿದವರು ಸೋತವರಿಗೇ ಹೆಚ್ಚು ಚಪ್ಪಾಳೆ ತಟ್ಟಿದರು.

ಮರುವರ್ಷ ಅಹ್ಮದ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಹೋದರು. ಇಲ್ಲಿಂದ ಮುಂದಿನ ಕಥೆಯನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಈಸ್ಟ್ ಬೆಂಗಾಲ್ ಕ್ಲಬ್ಬಿನ ಅಭಿಮಾನಿಗಳು ಯಾರು? ಹೆಸರೇ ಹೇಳುವಂತೆ ಪೂರ್ವ ಬಂಗಾಳದ ಮೂಲದವರು. ದೇಶ ವಿಭಜನೆಯಾದಾಗ ಮನೆ, ಹೊಲ, ಕೆರೆಕಟ್ಟೆಗಳನ್ನು ಗಡಿಯಾಚೆ ಬಿಟ್ಟು ನಿರಾಶ್ರಿತರಾಗಿ ಕಲ್ಕತ್ತೆಗೆ ಬಂದ ಹಿಂದೂ ಕುಟುಂಬಗಳು ಅವರಲ್ಲಿ ಬಹಳ. 1946ರ ಆಗಸ್ಟ್‌ನಲ್ಲಿ ಅದೇ ಕಲ್ಕತ್ತೆಯ ಬೀದಿಗಳಲ್ಲಿ ಹಿಂದೂ ಮುಸ್ಲಿಮರ ಹೆಣಗಳು ಉರುಳಿದ್ದವು. 1950ರಲ್ಲಿ ಬಂಗಾಳದ ಎರಡೂ ಕಡೆ ಮತ್ತೆ ಬೆಂಕಿ ಹತ್ತಿತು. ಗಾಯ ಇನ್ನೂ ಹಸಿಯಾಗಿತ್ತು. ಅಂಥ ಜನ ತಮ್ಮ ಕ್ಲಬ್ಬಿನ ಮುಂಚೂಣಿಯ ಐವರನ್ನು ಕರೆದದ್ದು ಪಂಚ ಪಾಂಡವರೆಂದು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇಹ್, ಅಹ್ಮದ್ ಖಾನ್. ಐವರೂ ದಕ್ಷಿಣ ಭಾರತದವರು. ಐವರಲ್ಲಿ ಇಬ್ಬರು ಮುಸ್ಲಿಮರು.

ಮುಸ್ಲಿಮರ ಹೆಸರಿನಲ್ಲಿ ತಮ್ಮ ಮನೆ ಕಳೆದುಕೊಂಡೆವೆಂದು ನಂಬಿದ್ದ ಜನ ಒಬ್ಬ ಅಹ್ಮದನನ್ನೂ ಒಬ್ಬ ಸಾಲೇಹನನ್ನೂ ಪಾಂಡವರೆಂದು ಕರೆದು ಹೆಗಲ ಮೇಲೆ ಹೊತ್ತು ಕುಣಿದರು. ಕ್ಲಬ್ಬು 1949, 1950, 1951ರಲ್ಲಿ ಸತತ ಮೂರು ಬಾರಿ ಐಎಫ್‌ಎ ಶೀಲ್ಡ್ ಗೆದ್ದಿತು. ಅಹ್ಮದ್ ಸುಮಾರು ಹತ್ತು ವರ್ಷ ಅದೇ ಅಂಗಿ ತೊಟ್ಟು ಆಡಿದರು. ದೇಶ ವಿಭಜನೆಯ ಬಗ್ಗೆ ಬಂದ ಸಾವಿರಾರು ಪುಟಗಳಲ್ಲಿ ಈ ಸಂಗತಿಗೆ ಒಂದು ಪುಟವಾದರೂ ಮೀಸಲಿರಬೇಕೆಂದು ನಮಗೆ ಅನ್ನಿಸುತ್ತದೆ.

1951ರಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ. ಫೈನಲ್‌ನಲ್ಲಿ ಇರಾನನ್ನು ಒಂದೇ ಗೋಲಿನಿಂದ ಸೋಲಿಸಿ ಭಾರತ ಚಿನ್ನ ಗೆದ್ದಿತು. ಅಹ್ಮದ್ ಆ ತಂಡದಲ್ಲಿದ್ದರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್. ಫಿನ್ಲೆಂಡಿನ ಚಳಿಯಲ್ಲಿ ಮತ್ತೆ ಬರಿಗಾಲು. ಎದುರಿಗೆ ಯುಗೊಸ್ಲಾವಿಯ. ಫಲಿತಾಂಶ ಹತ್ತು, ಒಂದು. ಹತ್ತು ಅವರದು. ನಮ್ಮ ಪಾಲಿನ ಆ ಒಂದೇ ಗೋಲನ್ನು ಆಟದ ಕೊನೆಯ ಗಳಿಗೆಯಲ್ಲಿ ಹೊಡೆದವರು ಅಹ್ಮದ್ ಖಾನ್. ಆ ಹೀನಾಯ ಸೋಲಿನ ನಂತರವೇ ನಮ್ಮ ಫುಟ್‌ಬಾಲಿನ ಹಿರಿಯರಿಗೆ ಆಟಗಾರರ ಕಾಲಿಗೆ ಬೂಟು ಬೇಕೆಂದು ಅರಿವಾಯಿತು.

ಹತ್ತು ಗೋಲು ತಿಂದ ಮೇಲೆ, ಆಟ ಮುಗಿಯಲು ಕ್ಷಣಗಳಿರುವಾಗ ಒಂದು ಗೋಲು ಹೊಡೆದು ಏನು ಪ್ರಯೋಜನ? ಲೆಕ್ಕದ ಪ್ರಕಾರ ಏನೂ ಇಲ್ಲ. ಆದರೂ ಅವರು ಓಡಿದರು, ಹೊಡೆದರು. ಅದನ್ನು ನೆನೆದಾಗೆಲ್ಲ ನಮಗನ್ನಿಸುವುದು, ಆ ಗಳಿಗೆಯಲ್ಲಿ ಅಹ್ಮದ್ ಯಾರಿಗೂ ಏನನ್ನೂ ಸಾಬೀತುಪಡಿಸಲು ಆಡುತ್ತಿರಲಿಲ್ಲ ಎಂದು. ಸಾಬೀತುಪಡಿಸಲು ಅಲ್ಲಿ ಏನು ಉಳಿದಿತ್ತು? ಆಟ ಇನ್ನೂ ಮುಗಿದಿರಲಿಲ್ಲ, ಅವರು ಆಟಗಾರ, ಅದಕ್ಕಾಗಿ ಆಡಿದರು.

ಪಾಪಿನಾಯಕನಹಳ್ಳಿಯ ಚಾಚಾ ಇಷ್ಟನ್ನು ಕೇಳಿದರೆ ಖಂಡಿತ ಹೇಳುತ್ತಾರೆ: ನೋಡಿ, ನಾನು ಹೇಳಿದ್ದು ಇದನ್ನೇ. ಒಳ್ಳೆಯ ಆಟ ಆಡಿದ, ಜನ ಪಾಂಡವ ಅಂದರು. ಆಡಿದರೆ ಯಾರೂ ಏನೂ ಅನ್ನುವುದಿಲ್ಲ. ಈ ಮಾತನ್ನು ಒಪ್ಪಿಕೊಳ್ಳುವ ಮೊದಲು ನಾವು ಇನ್ನೊಬ್ಬ ಆಟಗಾರನ ಮನೆಗೆ ಹೋಗಿ ಬರಬೇಕು.

ಯೂಲಿಯುಸ್ ಹಿರ್ಷ್ 1892ರ ಏಪ್ರಿಲ್ 7ರಂದು ಜರ್ಮನಿಯ ಬಾಡೆನ್ ಪ್ರಾಂತ್ಯದ ಆಖರ್ನ್ ಎಂಬ ಊರಿನಲ್ಲಿ, ಯಹೂದಿ ವ್ಯಾಪಾರಿಯ ಮನೆಯಲ್ಲಿ ಹುಟ್ಟಿದರು. ಹತ್ತನೆಯ ವಯಸ್ಸಿಗೆ ಕಾರ್ಲ್ಸ್‌ರೂಹೆ ಫುಟ್‌ಬಾಲ್ ಸಂಘ ಸೇರಿದರು. 1910ರಲ್ಲಿ ಆ ಸಂಘ ಜರ್ಮನಿಯ ಚಾಂಪಿಯನ್ ಆಯಿತು. 1911ರಲ್ಲಿ ಹಿರ್ಷ್ ಜರ್ಮನ್ ರಾಷ್ಟ್ರೀಯ ತಂಡಕ್ಕೆ ಆಯ್ಕೆಯಾದರು. ಆ ತಂಡದಲ್ಲಿ ಆಡಿದ ಆರಂಭದ ಯಹೂದಿ ಆಟಗಾರರಲ್ಲಿ ಅವರೂ ಒಬ್ಬರು. 1912ರ ಮಾರ್ಚ್‌ನಲ್ಲಿ ಹಾಲೆಂಡ್ ಎದುರಿನ ಪಂದ್ಯ ಐದು ಐದು ಗೋಲುಗಳಿಂದ ಸಮವಾಯಿತು. ಜರ್ಮನಿಯ ಐದರಲ್ಲಿ ನಾಲ್ಕು ಹಿರ್ಷ್ ಒಬ್ಬರವೇ. ಒಂದೇ ಪಂದ್ಯದಲ್ಲಿ ನಾಲ್ಕು ಗೋಲು ಹೊಡೆದ ಮೊದಲ ಜರ್ಮನ್ ಆಟಗಾರ ಎಂದು ಅವರ ಹೆಸರು ದಾಖಲಾಯಿತು. ಅದೇ ವರ್ಷ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲೂ ಆಡಿದರು. 1914ರಲ್ಲಿ ಫ್ಯೂರ್ತ್ ತಂಡದ ಜೊತೆ ಎರಡನೆಯ ಬಾರಿ ರಾಷ್ಟ್ರೀಯ ಚಾಂಪಿಯನ್ ಆದರು.

ಆಮೇಲೆ ಮೊದಲ ಮಹಾಯುದ್ಧ ಬಂತು. ನಾಲ್ಕು ವರ್ಷ ಸೈನ್ಯದಲ್ಲಿ ದುಡಿದರು. ಶೌರ್ಯಕ್ಕಾಗಿ ಐರನ್ ಕ್ರಾಸ್ ಪದಕ ಪಡೆದರು. ಅವರ ಅಣ್ಣತಮ್ಮಂದಿರಲ್ಲಿ ಒಬ್ಬರು ಅದೇ ಯುದ್ಧದಲ್ಲಿ ಜರ್ಮನಿಗಾಗಿ ಪ್ರಾಣ ಕೊಟ್ಟರು. ದೇಶಕ್ಕೆ ಆಡಿದ್ದಾಯಿತು, ದೇಶಕ್ಕೆ ಹೋರಾಡಿದ್ದಾಯಿತು, ಮನೆಯ ಮಗನನ್ನೇ ಕೊಟ್ಟಿದ್ದಾಯಿತು. ಚಾಚಾ ಹೇಳುವ ಪುರಾವೆಗಳಲ್ಲಿ ಇನ್ನೇನು ಬಾಕಿ ಇತ್ತು?

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಏಪ್ರಿಲ್ 10ರಂದು ಹಿರ್ಷ್ ಕ್ರೀಡಾ ಪತ್ರಿಕೆಯಲ್ಲಿ ಒಂದು ಸುದ್ದಿ ಓದಿದರು. ದಕ್ಷಿಣ ಜರ್ಮನಿಯ ದೊಡ್ಡ ಫುಟ್‌ಬಾಲ್ ಸಂಘಗಳು ಯಹೂದಿಗಳನ್ನು ಹೊರಹಾಕಲು ತಾವಾಗಿ ಮುಂದೆ ಬಂದಿದ್ದವು. ಆ ಪಟ್ಟಿಯಲ್ಲಿ ಅವರು ಬಾಲ್ಯದಿಂದ ಆಡಿದ್ದ ಕಾರ್ಲ್ಸ್‌ರೂಹೆ ಸಂಘವೂ ಇತ್ತು. ಹೊರದಬ್ಬುವವರೆಗೆ ಕಾಯದೆ ಹಿರ್ಷ್ ಅಂದೇ ಸಂಘಕ್ಕೆ ರಾಜೀನಾಮೆ ಬರೆದರು. ಯಹೂದಿಗಳಲ್ಲೂ ಸಭ್ಯರಿದ್ದಾರೆ, ಈ ದೇಶಕ್ಕಾಗಿ ನೆತ್ತರು ಹರಿಸಿದವರಿದ್ದಾರೆ ಎಂಬುದನ್ನು ಆ ಪತ್ರದಲ್ಲಿ ನೆನಪಿಸಿದರು. ಗಮನಿಸಬೇಕಾದ ಮಾತೆಂದರೆ, ಆಗಿನ್ನೂ ಸಂಘಗಳಿಗೆ ಹಾಗೆ ಮಾಡಲೇಬೇಕೆಂಬ ಕಾನೂನು ಬಂದಿರಲಿಲ್ಲ. ಸರ್ಕಾರ ಕೇಳುವ ಮೊದಲೇ ನೆರೆಯವರು ಕೊಟ್ಟುಬಿಟ್ಟರು.

ಮುಂದಿನ ಹತ್ತು ವರ್ಷ ಕೆಲಸ ಹೋಯಿತು, ಮಾನ ಹೋಯಿತು. ಕ್ರೈಸ್ತಳಾದ ಹೆಂಡತಿಗೂ ಮಕ್ಕಳಿಗೂ ತನ್ನಿಂದ ಆಪತ್ತು ಬಾರದಿರಲೆಂದು ವಿಚ್ಛೇದನ ಪಡೆದು ದೂರವಾದರು. 1939ರಲ್ಲಿ ಜರ್ಮನಿಯ ಪ್ರಸಿದ್ಧ ಕ್ರೀಡಾ ಪತ್ರಿಕೆಯೊಂದು ರಾಷ್ಟ್ರೀಯ ಆಟಗಾರರ ಚಿತ್ರಸಂಪುಟ ಹೊರತಂದಿತು. ಅದರಲ್ಲಿ ಹಿರ್ಷ್ ಇರಲಿಲ್ಲ. ಅವರ ಗೆಳೆಯ, 1912ರ ಒಲಿಂಪಿಕ್ಸ್‌ನಲ್ಲಿ ರಷ್ಯಾ ಎದುರು ಒಂದೇ ಪಂದ್ಯದಲ್ಲಿ ಹತ್ತು ಗೋಲು ಹೊಡೆದಿದ್ದ ಯಹೂದಿ ಆಟಗಾರ ಗಾಟ್‌ಫ್ರೀಡ್ ಫುಕ್ಸ್ ಕೂಡ ಇರಲಿಲ್ಲ. ಹೊಡೆದ ಗೋಲುಗಳೂ ಅಳಿಸಿಹೋದವು. 1943ರ ಮಾರ್ಚ್ 1ರಂದು ಹಿರ್ಷ್‌ರನ್ನು ಕಾರ್ಲ್ಸ್‌ರೂಹೆಯಿಂದ ರೈಲಿಗೆ ತುಂಬಿ ಆಶ್‌ವಿಟ್ಸ್‌ಗೆ ಕಳುಹಿಸಿದರು. ದಾರಿಯಿಂದ ಮಗಳಿಗೆ ಒಂದು ಅಂಚೆ ಕಾರ್ಡು ಬಂತು. ಚೆನ್ನಾಗಿದ್ದೇನೆ, ಮೇಲಿನ ಸಿಲೇಷಿಯಾಕ್ಕೆ ಹೋಗುತ್ತಿದ್ದೇನೆ, ಅದಿನ್ನೂ ಜರ್ಮನಿಯೇ ಎಂಬರ್ಥದ ನಾಲ್ಕು ಮಾತು ಅದರಲ್ಲಿತ್ತು. ಅದೇ ಕೊನೆಯ ಸುದ್ದಿ.

ಅದಿನ್ನೂ ಜರ್ಮನಿಯೇ! ಕೊಲ್ಲಲು ಕರೆದೊಯ್ಯುವ ರೈಲಿನಲ್ಲಿ ಕುಳಿತವನಿಗೆ ತಾನಿನ್ನೂ ತನ್ನ ದೇಶದಲ್ಲೇ ಇದ್ದೇನೆಂಬ ಸಮಾಧಾನ. ದೇಶಕ್ಕೆ ಅವನ ಬಗ್ಗೆ ಆ ಭಾವ ಇರಲಿಲ್ಲ, ಅವನಿಗೆ ದೇಶದ ಬಗ್ಗೆ ಇತ್ತು. ಹಾಗಾದರೆ ಯಾರ ನಿಷ್ಠೆ ಸೋತಿತು?

ಇಲ್ಲಿ ನಾವು ಒಂದು ಕಠಿಣ ಮಾತನ್ನು ಹೇಳಿಕೊಳ್ಳಬೇಕು. ಹಿರ್ಷ್ ಕಥೆ ಹೇಳುವಾಗ ನಾವೆಲ್ಲ ಒಂದು ತಪ್ಪು ಮಾಡುತ್ತೇವೆ. ಎಂಥ ಆಟಗಾರನನ್ನು ಕೊಂದರಲ್ಲ ಎಂದು ಮರುಗುತ್ತೇವೆ. ಆದರೆ ಆ ರೈಲಿನಲ್ಲಿ ಹಿರ್ಷ್ ಒಬ್ಬರೇ ಇರಲಿಲ್ಲ. ಜೀವಮಾನದಲ್ಲಿ ಒಮ್ಮೆಯೂ ಚೆಂಡು ಒದೆಯದವರು, ಪದಕ ಮುಟ್ಟದವರು, ಯಾರಿಗೂ ಹೆಸರು ಗೊತ್ತಿಲ್ಲದವರು ಇದ್ದರು. ಹಾಗೆ ಕೊಲೆಯಾದವರ ಸಂಖ್ಯೆ ಸುಮಾರು 60 ಲಕ್ಷ. ಹಿರ್ಷ್‌ರನ್ನು ಕೊಂದದ್ದು ಘೋರವಾದದ್ದು ಅವರು ನಾಲ್ಕು ಗೋಲು ಹೊಡೆದಿದ್ದರೆಂದಲ್ಲ, ಅವರು ಮನುಷ್ಯರಾಗಿದ್ದರೆಂದು. ಒಂದು ಗೋಲನ್ನೂ ಹೊಡೆಯದ ದರ್ಜಿಯ ಸಾವು ಅದಕ್ಕಿಂತ ಒಂದು ಗುಂಜಿಯಷ್ಟೂ ಹಗುರವಲ್ಲ. ಸಾಧನೆಯಿಂದ ಬದುಕುವ ಹಕ್ಕು ಬರುತ್ತದೆಂದು ಒಪ್ಪಿಕೊಂಡರೆ, ಸಾಧನೆ ಇಲ್ಲದವನಿಗೆ ಆ ಹಕ್ಕು ಕಡಿಮೆ ಎಂದೂ ಒಪ್ಪಿಕೊಂಡಂತೆಯೇ. ಚಾಚಾನ ಪ್ರೀತಿಯ ಮಾತಿನೊಳಗೆ ಅಡಗಿದ್ದ ಮುಳ್ಳು ಇದು. ಹುಡುಗನಿಗೆ ಅದು ಚುಚ್ಚಿತ್ತು, ಅದಕ್ಕೇ ಅವನು ಕೇಳಿದ್ದು.

ಪುರಾವೆ ಕೇಳುವವನಿಗೆ ಪುರಾವೆ ಸಾಕಾಗುವುದಿಲ್ಲ. ಇಂದು ನೋಡಿದ್ದನ್ನು ನಾಳೆ ಮತ್ತೆ ತೋರಿಸೆನ್ನುತ್ತಾನೆ. ಜರ್ಮನಿಗೆ 2014ರಲ್ಲಿ ವಿಶ್ವಕಪ್ ಗೆದ್ದುಕೊಟ್ಟ ತಂಡದಲ್ಲಿದ್ದ, ಟರ್ಕಿ ಮೂಲದ ಮೆಸುತ್ ಓಜಿಲ್ 2018ರಲ್ಲಿ ರಾಷ್ಟ್ರೀಯ ತಂಡ ತೊರೆಯುವಾಗ ಹೇಳಿದ ಮಾತಿನ ಸಾರ ಇದೇ: ಗೆದ್ದಾಗ ತಾನು ಜರ್ಮನ್, ಸೋತಾಗ ವಲಸಿಗ. 2021ರ ಅಕ್ಟೋಬರ್‌ನಲ್ಲಿ ದುಬೈಯಲ್ಲಿ ಭಾರತ ತಂಡ ಪಾಕಿಸ್ತಾನಕ್ಕೆ ಹತ್ತು ವಿಕೆಟ್‌ಗಳಿಂದ ಸೋತಿತು. ಸೋತವರು ಹನ್ನೊಂದು ಮಂದಿ. ಆದರೆ ಬೈಗುಳದ ಮಳೆ ಸುರಿದದ್ದು ಮುಹಮ್ಮದ್ ಶಮಿಯ ಮೇಲೆ. ಅದುವರೆಗೆ ಅವರು ದೇಶಕ್ಕಾಗಿ ಪಡೆದಿದ್ದ ವಿಕೆಟ್‌ಗಳನ್ನು ಆ ರಾತ್ರಿ ಎಣಿಸುವವರಿರಲಿಲ್ಲ. ಕೆಲವು ದಿನಗಳ ನಂತರ ನಾಯಕ ವಿರಾಟ್ ಕೊಹ್ಲಿ ಬಹಿರಂಗವಾಗಿ ಶಮಿಯ ಪರ ನಿಂತು, ಧರ್ಮದ ಹೆಸರಿನಲ್ಲಿ ಒಬ್ಬರನ್ನು ಹಳಿಯುವುದು ಹೇಯವೆಂದರು. ಹೊರಗೆ ನಿಂತು ಬೈದವರು ಲೆಕ್ಕ ಕೇಳಿದರು. ಜೊತೆಯಲ್ಲಿ ಆಡಿದವರು ಕೇಳಲಿಲ್ಲ.

ಇಲ್ಲೊಂದು ಆಕ್ಷೇಪ ಏಳಬಹುದು. ಹಾಗಾದರೆ ಸಾಧನೆಗೆ ಬೆಲೆಯೇ ಇಲ್ಲವೇ? ಒಬ್ಬ ಅಹ್ಮದ್ ಖಾನ್ ಕಲ್ಕತ್ತೆಯ ನಿರಾಶ್ರಿತರ ಎದೆಯ ಕಹಿಯನ್ನು ಒಂದಿಷ್ಟಾದರೂ ಕರಗಿಸಲಿಲ್ಲವೇ? ಈ ಆಕ್ಷೇಪದಲ್ಲಿ ಸತ್ಯವಿದೆ. ಒಳ್ಳೆಯ ಆಟ, ಒಳ್ಳೆಯ ಹಾಡು, ಒಳ್ಳೆಯ ವೈದ್ಯ ಪೂರ್ವಗ್ರಹದ ಗೋಡೆಯಲ್ಲಿ ಕಿಟಕಿ ತೆರೆಯಬಲ್ಲರು. ಆ ಕಿಟಕಿಯಿಂದ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ. ಆದರೆ ಕಲ್ಕತ್ತೆಯ ಆ ಜನ ಅಹ್ಮದ್‌ಗೆ ಕೊಟ್ಟದ್ದು ಪ್ರಮಾಣಪತ್ರವಲ್ಲ, ಪ್ರೀತಿ. ತಮಗೆ ಸಿಕ್ಕ ಸಂತೋಷಕ್ಕೆ ಋಣಿಗಳಾಗಿ ಅವರು ತಮ್ಮ ಮನೆಯ ಕಥೆಯ ಹೆಸರನ್ನೇ ಅವರಿಗೆ ಇಟ್ಟರು. ಪ್ರೀತಿಗೂ ಪ್ರಮಾಣಪತ್ರಕ್ಕೂ ಇರುವ ವ್ಯತ್ಯಾಸ ದೊಡ್ಡದು. ಪ್ರಮಾಣಪತ್ರ ಕೊಡುವವನು ಮೇಲೆ ಕೂತಿರುತ್ತಾನೆ, ಮನಸ್ಸು ಬದಲಾದ ದಿನ ಅದನ್ನು ಹಿಂದಕ್ಕೆ ಪಡೆಯುತ್ತಾನೆ. ಹಿರ್ಷ್ ಕೈಯಲ್ಲಿದ್ದದ್ದು ಅಂಥ ಕಾಗದ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡಬೇಕು. ಷರತ್ತಿಲ್ಲದೆ ಸೇರಿದವರೆಂದರೆ ಹೊಣೆಯಿಲ್ಲದವರೆಂದಲ್ಲ. ನೆಲದ ಕಾನೂನು ಪಾಲಿಸುವುದು, ನೆರೆಯವನ ಕಷ್ಟಕ್ಕೆ ಆಗುವುದು, ದುಡಿದು ತಿನ್ನುವುದು ಎಲ್ಲರ ಕರ್ತವ್ಯ. ಆದರೆ ಅದು ಎಲ್ಲರಿಗೂ ಒಂದೇ ತೂಕದ್ದಾಗಿರಬೇಕು. ಒಬ್ಬನಿಗೆ ಸಾಮಾನ್ಯ ನಾಗರಿಕನಾಗಿದ್ದರೆ ಸಾಕು, ಇನ್ನೊಬ್ಬನು ಮಾತ್ರ ಅಸಾಮಾನ್ಯನಾಗಲೇಬೇಕು ಎಂದರೆ ಅದು ನ್ಯಾಯದ ತಕ್ಕಡಿಯಲ್ಲ. ಸಾಧಾರಣನಾಗಿ ಬದುಕಿ ನೆಮ್ಮದಿಯಿಂದ ಸಾಯುವುದೂ ಒಂದು ಹಕ್ಕು.

ಬೇರೆಯವರ ತಕ್ಕಡಿಯನ್ನು ದೂರುವ ಮೊದಲು ನಮ್ಮ ಮನೆಯ ತಕ್ಕಡಿಯನ್ನೂ ನೋಡಿಕೊಳ್ಳೋಣ. ಸಮಾರಂಭಗಳ ವೇದಿಕೆ ಏರಿದೊಡನೆ ನಾವು ಪಟ್ಟಿ ಓದುತ್ತೇವೆ. ನಮ್ಮವರಲ್ಲಿ ಇಂಥ ವಿಜ್ಞಾನಿ, ಇಂಥ ಆಟಗಾರ, ಇಂಥ ಗಾಯಕ. ಪಟ್ಟಿ ಉದ್ದವಾದಷ್ಟೂ ನಮಗೆ ಧೈರ್ಯ. ಆ ಪಟ್ಟಿಯನ್ನು ಓದುವಾಗ ನಾವು ಕೂಡ ಪುರಾವೆ ಕೇಳುವವನ ನಿಯಮಕ್ಕೆ ಸಹಿ ಹಾಕುತ್ತಿರುತ್ತೇವೆ. ಅಹ್ಮದ್ ಖಾನ್ ಮುಸ್ಲಿಮರ ಆಸ್ತಿಯೆಂದು ಹೇಳಿದರೆ ಅವರಿಗೆ ಪಾಂಡವನೆಂಬ ಹೆಸರಿಟ್ಟ ಜನರನ್ನು ಏನೆನ್ನಬೇಕು? ಗೆದ್ದ ಹುಡುಗನಿಗೆ ಶಾಲು ಹೊದಿಸುವ ನಾವು, ಸೋತು ಮನೆ ಸೇರಿದ ಹುಡುಗನ ಬಾಗಿಲು ಬಡಿದಿದ್ದೇವೆಯೇ? ಓಡಬಲ್ಲ ಹೆಣ್ಣುಮಗುವನ್ನು ಬಯಲಿಗೆ ಬಿಟ್ಟಿದ್ದೇವೆಯೇ? ಜಮಾಅತಿನ ಸಭೆಯಲ್ಲಿ ಹಮಾಲಿಯ ಮಾತಿಗೂ ಧನಿಕನ ಮಾತಿಗೂ ಒಂದೇ ಕಿವಿ ಇದೆಯೇ?

ಪ್ರವಾದಿಯವರ (ಸ) ಬದುಕಿನಲ್ಲಿ ಓಟದ ಒಂದು ಪ್ರಸಂಗವಿದೆ. ಪ್ರಯಾಣದಲ್ಲಿದ್ದಾಗ ಪತ್ನಿ ಆಯಿಷಾರೊಂದಿಗೆ (ರ) ಅವರು ಓಟದ ಪಂದ್ಯ ಕಟ್ಟಿದರು. ಆಯಿಷಾ ಗೆದ್ದರು. ಕೆಲಕಾಲದ ನಂತರ ಮತ್ತೆ ಓಡಿದಾಗ ಪ್ರವಾದಿ ಗೆದ್ದರು, ಅದಕ್ಕಿದು ಸರಿಹೋಯಿತೆಂದು ನಕ್ಕರು. ಎರಡೂ ಓಟಗಳಲ್ಲಿ ಸೋತವರ ಸ್ಥಾನ ಒಂದು ಕೂದಲೆಳೆಯಷ್ಟೂ ಕೆಳಗಿಳಿಯಲಿಲ್ಲ. ಓಟವು ಓಟವಾಗಿಯೇ, ಸಂತೋಷವಾಗಿಯೇ ಉಳಿಯಿತು. ಸೋತರೂ ತಾನು ಈ ಮನೆಯವಳೇ ಎಂದು ಗೊತ್ತಿದ್ದವರಿಗೆ ಮಾತ್ರ ಹಾಗೆ ನಗುನಗುತ್ತ ಆಡಲು ಸಾಧ್ಯ.

ಇನ್ನೊಂದು ಪ್ರಸಂಗ ಮದೀನಾದ ಮಸೀದಿಯದು. ಅಲ್ಲಿ ಕಸ ಗುಡಿಸುತ್ತಿದ್ದ ಒಬ್ಬ ಕಪ್ಪು ವರ್ಣದ ಮಹಿಳೆ ಕೆಲವು ದಿನ ಕಾಣಲಿಲ್ಲ. ಪ್ರವಾದಿ ವಿಚಾರಿಸಿದರು. ಆಕೆ ತೀರಿಕೊಂಡಳೆಂದು ಸಂಗಡಿಗರು ಹೇಳಿದರು. ಅಷ್ಟು ಸಣ್ಣ ವಿಷಯವೆಂದು ಅವರು ಮೊದಲೇ ತಿಳಿಸಿರಲಿಲ್ಲ. ನನಗೇಕೆ ಹೇಳಲಿಲ್ಲವೆಂದು ಕೇಳಿ, ಆಕೆಯ ಗೋರಿಯನ್ನು ತೋರಿಸಲು ಹೇಳಿ, ಅಲ್ಲಿಗೆ ಹೋಗಿ ಪ್ರಾರ್ಥಿಸಿದರು. ಆಕೆ ಯಾವ ಯುದ್ಧ ಗೆದ್ದಿದ್ದಳು? ಯಾವ ಪಂದ್ಯ? ಆಕೆ ಇಲ್ಲದ್ದು ಗಮನಕ್ಕೆ ಬಂತು, ಅಷ್ಟೇ. ಒಬ್ಬರು ಇಲ್ಲದ್ದು ನಮ್ಮ ಗಮನಕ್ಕೆ ಬಂದರೆ ಅವರು ನಮ್ಮವರೆಂದರ್ಥ. ಮಾನವರನ್ನು ಕುಲ ಜನಾಂಗಗಳಾಗಿ ಮಾಡಿದ್ದು ಪರಸ್ಪರ ಅರಿಯಲಿಕ್ಕಾಗಿ ಎಂಬ ಆಶಯ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 13ನೇ ಸೂಕ್ತದಲ್ಲಿದೆ. ಯಾರು ಹೆಚ್ಚಿನವರು ಎಂಬ ಲೆಕ್ಕವನ್ನು ಅದು ಅಲ್ಲಾಹನ ಬಳಿ ಇಟ್ಟಿದೆ, ನಮ್ಮ ಕೈಗೆ ಕೊಟ್ಟಿಲ್ಲ. ನಮ್ಮ ಕನ್ನಡ ನೆಲದಲ್ಲೂ ಬಸವಣ್ಣ ಬೇಡಿಕೊಂಡದ್ದು ಇದನ್ನೇ ಅಲ್ಲವೇ? ಬಂದವನನ್ನು ಯಾರವನೆಂದು ವಿಚಾರಿಸದೆ ನಮ್ಮವನೆಂದು ಎಣಿಸುವ ಬುದ್ಧಿಯನ್ನು ಅವರು ಕೇಳಿದರು. ಆ ಬೇಡಿಕೆಯಲ್ಲಿ ಬಂದವನ ಸಾಧನೆಯ ಮಾತೇ ಇಲ್ಲ.

ಪಾಪಿನಾಯಕನಹಳ್ಳಿಯಿಂದ ಹಂಪಿ ದೂರವೇನಲ್ಲ. ಅಲ್ಲಿ ಇನ್ನೊಬ್ಬ ಅಹ್ಮದ್ ಖಾನನ ಹೆಸರು ಕಲ್ಲಿನಲ್ಲಿದೆ. ವಿಜಯನಗರದ ಎರಡನೆಯ ದೇವರಾಯನ ಬಳಿ ಸೇವೆಯಲ್ಲಿದ್ದ ಆತ 1439ರಲ್ಲಿ ತನ್ನ ರಾಜನಿಗೆ ಪುಣ್ಯವಾಗಲೆಂದು ಕಟ್ಟಿಸಿದ ಕಟ್ಟಡವನ್ನು ಇಂದು ಮಸೀದಿಯೆಂದು ಗುರುತಿಸುತ್ತಾರೆ. ಅಲ್ಲಿನ ಕನ್ನಡ ಶಾಸನ ಮಾತ್ರ ಅದನ್ನು ಧರ್ಮಸಾಲೆ ಎಂದು ಕರೆಯುತ್ತದೆ. ಅದು ನಮಾಜಿನ ಜಾಗವೂ ಹೌದು, ಹಿಂದೂ ರಾಜನ ಪುಣ್ಯವೂ ಹೌದು, ಕನ್ನಡದ ಮಾತೂ ಹೌದು. ಒಂದರಿಂದ ಇನ್ನೊಂದನ್ನು ಬಿಡಿಸಲು ಆ ಕಾಲದವರಿಗೆ ಅವಸರವಿರಲಿಲ್ಲ. ಹೌದು, ಆ ಖಾನನೂ ಅರಸನ ಅಧಿಕಾರಿ, ಹೆಸರು ಉಳಿದದ್ದು ಅದಕ್ಕೇ. ಆದರೆ ಕಲ್ಲು ಕಡಿದವರ, ಹೊತ್ತವರ, ಆ ಕೇರಿಯಲ್ಲಿ ಅಡುಗೆ ಮಾಡಿ ಮಕ್ಕಳನ್ನು ಮಲಗಿಸಿದವರ ಹೆಸರುಗಳು ಯಾವ ಶಾಸನದಲ್ಲೂ ಇಲ್ಲ. ಅವರೂ ಈ ನೆಲದವರೇ ಆಗಿದ್ದರು. ಸುತ್ತಲಿನ ಗೋರಿಗಳಲ್ಲಿ ಹೆಸರಿಲ್ಲದವೇ ಹೆಚ್ಚು. ಮಣ್ಣು ಅವರಿಂದ ಪುರಾವೆ ಕೇಳದೆ ಒಳಗೆ ತೆಗೆದುಕೊಂಡಿದೆ.

ಬೆಂಗಳೂರಿನ ಅಹ್ಮದ್ ಖಾನ್ 2017ರ ಆಗಸ್ಟ್‌ನಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ತಮ್ಮ ಊರಿನಲ್ಲೇ ಕಣ್ಣುಮುಚ್ಚಿದರು. ಹಿರ್ಷ್‌ಗೆ ಆ ಭಾಗ್ಯ ಸಿಗಲಿಲ್ಲ. 2005ರಿಂದ ಜರ್ಮನಿಯ ಫುಟ್‌ಬಾಲ್ ಒಕ್ಕೂಟ, ದ್ವೇಷದ ವಿರುದ್ಧ ಕೆಲಸ ಮಾಡುವವರಿಗೆ ಯೂಲಿಯುಸ್ ಹಿರ್ಷ್ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಿದೆ. ತಪ್ಪನ್ನು ತಪ್ಪೆಂದು ಒಪ್ಪಿಕೊಂಡ ದೇಶಕ್ಕೆ ಅದು ಶೋಭೆ. ಆದರೆ 1933ರ ಏಪ್ರಿಲ್‌ನಲ್ಲಿ ಅವರ ಸಂಘದ ನಾಲ್ಕು ಜನ ಎದ್ದು ನಿಂತು, ಇವನು ಚೆನ್ನಾಗಿ ಆಡಿದವನೆಂದಲ್ಲ, ನಮ್ಮ ಓಣಿಯವನೆಂಬ ಕಾರಣಕ್ಕೆ ಬಿಟ್ಟುಕೊಡೆವು ಎಂದಿದ್ದರೆ ಆ ಪ್ರಶಸ್ತಿಯ ಅಗತ್ಯವೇ ಬೀಳುತ್ತಿರಲಿಲ್ಲವೇನೋ.

ಪಾಪಿನಾಯಕನಹಳ್ಳಿಯ ಆ ಹುಡುಗನಿಗೆ ಅಂದು ನಾವು ಏನೂ ಹೇಳದೆ ಬಸ್ಸು ಹತ್ತಿದ್ದು ನಮ್ಮ ತಪ್ಪು. ಮತ್ತೆ ಆ ದಾರಿಯಲ್ಲಿ ಹೋದರೆ ಅವನನ್ನು ಹುಡುಕಿ ಹೇಳಬೇಕೆಂದಿದ್ದೇವೆ: ಆಡಪ್ಪ, ಚೆನ್ನಾಗಿ ಆಡು. ದೇಶಕ್ಕೆ ಆಡಿದರೆ ನಾವೆಲ್ಲ ಕೂತು ನೋಡುತ್ತೇವೆ, ಚಾಚಾಗೆ ಮುಂದಿನ ಸಾಲಿನ ಜಾಗ. ಆಡದಿದ್ದರೂ ಈ ಬಯಲು ನಿನ್ನದೇ, ಈ ಊರು ನಿನ್ನದೇ. ಇದನ್ನು ಯಾರ ಬಳಿಯೂ ಗೆದ್ದು ತರಬೇಕಾಗಿಲ್ಲ. ನಿನ್ನನ್ನು ಯಾರಾದರೂ ಏನಾದರೂ ಅಂದರೆ, ಉತ್ತರ ಕೊಡಬೇಕಾದವನು ನೀನೊಬ್ಬನೇ ಅಲ್ಲ, ನಿನ್ನ ಜೊತೆ ಆಡುವ ಹುಡುಗರೆಲ್ಲರೂ, ನಾವೂ.